ಒಂದೇ ಅಳತೆಯ ತಡ

"ಇದನ್ನೇ ಕೊಡಿ" ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ, ಟಿವಿಯೊಳಗಿನ ಜಗತ್ತು ಮಂಕಾಗಿಬಿಟ್ಟಿತು.

ಈಗಷ್ಟೇ ಅಲ್ಲೊಂದು ಗಿಳಿ ಕೂತಿತ್ತು. ಕೆಂಡದಂಥ ಕೊಕ್ಕು, ಬೆನ್ನ ಹಿಂದೆ ಇದ್ದಿಲಿನಂಥ ಕಪ್ಪು. ಅಂಗಡಿಯ ಗೋಡೆ ತುಂಬ ಹಚ್ಚಿಟ್ಟ ಎಲ್ಲ ಟಿವಿಗಳಲ್ಲೂ ಅದೇ ಗಿಳಿ, ಆದರೆ ಈ ಒಂದರಲ್ಲಿ ಮಾತ್ರ ಕತ್ತಲೆ ನಿಜವಾದ ಕತ್ತಲೆಯ ಹಾಗಿತ್ತು. ಅವಳು ಅದಕ್ಕೇ ಮನಸೋತಿದ್ದಳು. ಈಗ ನೋಡಿದರೆ ಗಿಳಿ ಎರಡು ಹೊತ್ತು ಉಪವಾಸ ಬಿದ್ದ ಹಾಗೆ ಸಪ್ಪಗಿದೆ.

"ಏನಾಯ್ತು ಇದಕ್ಕೆ?"

"ಏನೂ ಆಗಿಲ್ಲ. ಮೇಕಪ್ ತೆಗೆದೆ, ಅಷ್ಟೆ."

ಅವಳು ತಿರುಗಿದಳು. ಹಿಂಡಿ ಹಾಗೇ ಒಣಗಿಸಿದಂತೆ ಸುಕ್ಕುಗಟ್ಟಿದ ಅಂಗಿ ತೊಟ್ಟ ಒಬ್ಬ ಯುವಕ ರಿಮೋಟ್ ಹಿಡಿದು ನಿಂತಿದ್ದ. ಅಂಗಡಿಯವನಂತೂ ಅಲ್ಲ. ಅಂಗಡಿಯವರ ಅಂಗಿಗಳು ಇಸ್ತ್ರಿ ಕಂಡಿದ್ದವು.

"ನಾನು ನೋಡ್ತಾ ಇದ್ದೆ."

"ಗೊತ್ತು. ಅದಕ್ಕೇ ತೆಗೆದೆ. ಅಂಗಡೀಲಿ ಎಲ್ಲಾ ಟಿವೀನೂ ಮದುವೆ ಮನೆಗೆ ಹೊರಟ ಹಾಗೆ ಇಟ್ಟಿರ್ತಾರೆ. ಮನೆಗೆ ಬಂದ ಮೇಲೆ ಹೇಗಿರುತ್ತೆ ಅಂತ ಇಲ್ಲೇ ನೋಡ್ಬಿಡೋದು ಒಳ್ಳೇದಲ್ವಾ?"

ದೂರದಿಂದ ಮ್ಯಾನೇಜರ್ ಕೂಗಿದರು. "ಸ್ವಾಮೀ, ರಿಮೋಟ್ ಕೆಳಗಿಡಿ. ನೀವು ಬಂದು ಹೋದ್ಮೇಲೆ ಎಲ್ಲದಕ್ಕೂ ನಾನು ಮತ್ತೆ ಬಣ್ಣ ಹಚ್ಕೊಂಡು ಕೂರ್ಬೇಕು."

ಎಂಥ ಅಧಿಕಪ್ರಸಂಗಿ... ಎಂದುಕೊಂಡಳು ಅವಳು. ಆದರೆ ಅಷ್ಟರಲ್ಲಿ ಗಿಳಿ ಹೋಗಿ ಪರದೆಯ ಮೇಲೆ ನಗುವ ಹೆಂಗಸೊಬ್ಬಳು ಬಂದಿದ್ದಳು. ಅವಳ ಕಣ್ಣು ಅಭ್ಯಾಸದಂತೆ ಆ ಹೆಂಗಸಿನ ಹಲ್ಲಿಗೆ ಹೋಯಿತು.

ಅವಳ ಕೆಲಸವೇ ಹಲ್ಲು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಪಿಂಗಾಣಿಯ ಹಲ್ಲು ಮಾಡುವ ಲ್ಯಾಬಿನಲ್ಲಿ ಅವಳು ಬಣ್ಣ ಕೂಡಿಸುವವಳು. ಪಕ್ಕದ ನಿಜವಾದ ಹಲ್ಲಿಗೂ ತಾನು ಮಾಡಿದ್ದಕ್ಕೂ ಯಾರಿಗೂ ವ್ಯತ್ಯಾಸ ಗೊತ್ತಾಗಬಾರದು. ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ತುಸು ಬೂದು, ನಡುವೆ ಹಾಲಿಗೆ ಒಂದು ಹನಿ ಚಹಾ ಬಿದ್ದ ಬಣ್ಣ. ಪಕ್ಕದ ಟಿವಿಗಳಲ್ಲಿ ಆ ಹೆಂಗಸಿನ ಹಲ್ಲು ಸುಣ್ಣದ ಗೋಡೆಯಾಗಿತ್ತು. ಈ ಮಂಕಾದದ್ದರಲ್ಲಿ ಮಾತ್ರ ಅದು ಹಲ್ಲಾಗಿತ್ತು.

"ಸರಿಯಾಗಿದೆ" ಎಂದಳು, ತನಗೇ ಹೇಳಿಕೊಂಡಂತೆ.

"ಏನು?"

"ಹಲ್ಲು."

ಅವನು ಪರದೆ ನೋಡಿದ, ಅವಳನ್ನು ನೋಡಿದ, ಮತ್ತೆ ಪರದೆ ನೋಡಿದ. ನಗಲಿಲ್ಲ. ಇನ್ನೊಂದು ಟಿವಿಯ ಬಳಿ ಹೋಗಿ ಆ ಹಲ್ಲನ್ನು ಹೋಲಿಸಿ ಬಂದ. "ಹೌದಲ್ಲ... ನಾನು ಇಷ್ಟು ದಿನ ಚರ್ಮ ನೋಡಿ ಹೇಳ್ತಿದ್ದೆ. ಹಲ್ಲು ಇನ್ನೂ ಸುಲಭ."

ಅವಳ ಕೆಲಸದ ಬಗ್ಗೆ ಕೇಳಿದವರೆಲ್ಲ ಮೊದಲು ತಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇವನು ಕಲಿತುಕೊಂಡ. ಎದೆಯೊಳಗೆ ಏನೋ ಸಣ್ಣದಾಗಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ ಹಾಗಾಯಿತು ಅವಳಿಗೆ.

"ಯಾರು ನೋಡ್ತಾರೆ? ಎಲ್ಲಿಡ್ತೀರಿ?" ಎಂದು ಅವನು ಕೇಳಿದ.

"ಹಾಲ್‌ನಲ್ಲಿ. ಎದುರಿಗೇ ದೊಡ್ಡ ಕಿಟಕಿ. ಅಮ್ಮ ಅಡುಗೆಮನೆಯಿಂದ ಇಣುಕಿ ಧಾರಾವಾಹಿ ನೋಡ್ತಾಳೆ. ಅಪ್ಪ ಗೇಮ್ ಆಡ್ತಾರೆ... ಆಡ್ತಿದ್ರು."

"ಹಾಗಾದ್ರೆ ಇದು ಬೇಡ."

ಅವನು ಅವಳನ್ನು ಟಿವಿಯ ಪಕ್ಕಕ್ಕೆ ಕರೆದ. ಓರೆಯಿಂದ ನೋಡಿದರೆ ಹೆಂಗಸಿನ ಮುಖ ಬಳಪ ಒರೆಸಿದ ಸ್ಲೇಟಿನಂತೆ ಬಿಳಿಚಿಕೊಂಡಿತ್ತು.

"ನಿಮ್ಮಮ್ಮನಿಗೆ ಕಾಣೋದು ಇದು. ಎಚ್‌ಡಿಆರ್ ಅಂದ್ರೆ ಇಷ್ಟೇ, ಕತ್ತಲಲ್ಲಿ ಅಡಗಿರೋದೂ ಕಾಣ್ಬೇಕು, ಬೆಳಕಲ್ಲಿ ಕರಗಿರೋದೂ ಕಾಣ್ಬೇಕು. ಪೆಟ್ಟಿಗೆ ಮೇಲೆ ಎಲ್ಲರೂ ಬರ್ಕೊಂಡಿರ್ತಾರೆ. ಅಷ್ಟು ಬೆಳಕು ಕೊಡೋ ತಾಕತ್ತು ಈ ಬೆಲೆಯವಕ್ಕೆ ಇರಲ್ಲ. ಇದಕ್ಕೆ ಕಪ್ಪು ಚೆನ್ನಾಗಿ ಬರುತ್ತೆ, ಆದ್ರೆ ಕಿಟಕಿ ಎದುರು ಸೋತುಹೋಗುತ್ತೆ. ಆ ಮೂಲೇದು ನೋಡಿ."

ಮೂಲೆಯದು ಯಾರೂ ಕಣ್ಣೆತ್ತಿ ನೋಡದ ಟಿವಿ. ಕಪ್ಪು ತುಸು ಬೂದಿ ಬಡಿದಂತೆ. ಆದರೆ ಯಾವ ಪಕ್ಕದಿಂದ ನೋಡಿದರೂ ಮುಖ ಬದಲಾಗುತ್ತಿರಲಿಲ್ಲ. ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ.

"ಅದು ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ಬರುತ್ತೆ" ಎಂದರು ಮ್ಯಾನೇಜರ್. "ನೀವು ನೋಡಿದ್ದು, ಪೆಟ್ಟಿಗೆ ಮೇಲೆ ಗಿಳಿ ಇರೋದು, ಕೊನೇ ಪೀಸು. ನಿಮ್ಮಿಷ್ಟ."

"ಕಾಯ್ತೀನಿ" ಎಂದಳು. ತನ್ನ ಫೋನ್ ನಂಬರ್ ಕೊಟ್ಟು ಹೊರಬಂದಳು. ಮೆಟ್ಟಿಲಿಳಿಯುವಾಗ ಮುಖದ ಮೇಲೆ ನಗುವಿತ್ತು. ಗುರುತಿಲ್ಲದವನೊಬ್ಬ ಮನಸ್ಸಿನಲ್ಲೇ ನನ್ನ ಅಮ್ಮನ ಅಡುಗೆಮನೆಯ ಬಾಗಿಲಲ್ಲಿ ನಿಂತು ಟಿವಿ ನೋಡಿದನಲ್ಲ...

ಆ ನಗು ರಸ್ತೆ ದಾಟುವ ತನಕ ಬಾಳಿತು.

ಎದುರಿನ ಬಸ್ ನಿಲ್ದಾಣದಲ್ಲಿ ನಿಂತು ಅವಳು ತಿರುಗಿ ನೋಡಿದಾಗ, ಅಂಗಡಿಯಿಂದ ಒಂದು ಪೆಟ್ಟಿಗೆ ಹೊರಬರುತ್ತಿತ್ತು. ಅದೇ ಗಿಳಿಯ ಚಿತ್ರ. ಒಂದು ತುದಿಯನ್ನು ಅಂಗಡಿಯ ಆಳು ಹಿಡಿದಿದ್ದ. ಇನ್ನೊಂದು ತುದಿಯನ್ನು, ಅತ್ತ ಇತ್ತ ನೋಡುತ್ತ, ಆ ಸುಕ್ಕು ಅಂಗಿಯವನು.

ಕೊನೇ ಪೀಸು!

ಅವಳಿಗೆ ಕಿವಿ ಬಿಸಿಯಾಯಿತು. ಮೇಕಪ್ ತೆಗೆದನಂತೆ. ನನ್ನ ಕಣ್ಣಿಗೇ ಮಣ್ಣೆರಚಿ, ನನ್ನ ಬಾಯಲ್ಲೇ ಬೇಡ ಅನ್ನಿಸಿ... ಎಷ್ಟು ಸಲೀಸಾಗಿ ನಂಬಿಬಿಟ್ಟೆ ನಾನು.

---

ಮನೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಅಪ್ಪ ಬಸ್ಸಿನ ಡ್ರೈವರ್ ಆಗಿದ್ದವರು. ದೂರದ ಊರುಗಳ ಘಾಟಿ ರಸ್ತೆಯಲ್ಲಿ, ಮಲಗಿದ ಪ್ರಯಾಣಿಕರ ತಲೆ ಕಿಟಕಿಗೆ ತಾಗದ ಹಾಗೆ ತಿರುವು ತೆಗೆಯುತ್ತಿದ್ದರು ಎಂದು ಅವರ ಕಂಡಕ್ಟರ್ ಗೆಳೆಯ ಇಂದಿಗೂ ಹೇಳುತ್ತಾನೆ. ಪಾರ್ಶ್ವವಾಯು ಬಡಿದ ಮೇಲೆ ಕಾಲು ಮರಳಿತು, ಮಾತು ಮರಳಿತು. ಎಡಗೈ ಮಾತ್ರ ಮುನಿಸಿಕೊಂಡೇ ಉಳಿಯಿತು.

"ಬೆರಳು ಆಡ್ತಾ ಇರ್ಬೇಕು" ಎಂದಿದ್ದರು ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ. "ಈ ಕೆಲವು ತಿಂಗಳು ಬಿಟ್ರೆ ಆಮೇಲೆ ಕಷ್ಟ. ಚೆಂಡು ಹಿಸುಕೋದು ಬೇಜಾರಾದ್ರೆ ಕಾರ್ ಓಡಿಸೋ ಗೇಮ್ ಆಡ್ಲಿ. ಎಡ ಹೆಬ್ಬೆರಳಲ್ಲೇ ಸ್ಟಿಯರಿಂಗ್."

ಅವಳು ಗೇಮ್ ಬಾಕ್ಸ್ ತಂದಳು. ಪಕ್ಕದ ಮನೆಯವರು ಬಿಟ್ಟುಹೋದ ಹಳೆಯ ಟಿವಿಗೆ ಜೋಡಿಸಿದಳು. ಅಪ್ಪ ಮೊದಲ ದಿನ ಮಗುವಿನ ಹಾಗೆ ಮುಂದಕ್ಕೆ ಬಾಗಿ ಕೂತರು. ಮೊದಲ ತಿರುವಿನಲ್ಲೇ ಕಾರು ಕಂದಕಕ್ಕೆ. ಎರಡನೆಯ ಸಲವೂ ಅಲ್ಲೇ. ವಾರವಾದರೂ ಅಲ್ಲೇ.

"ನಾನು ತಿರುಗಿಸ್ತೀನಿ. ಕೈ ಆಮೇಲೆ ಕೇಳಿಸ್ಕೊಳ್ಳುತ್ತೆ" ಎಂದಿದ್ದರು ಅಪ್ಪ ಒಂದು ದಿನ. ಹೆಬ್ಬೆರಳಿನಿಂದ ಒತ್ತಿ ಆಡುವ ಕಂಟ್ರೋಲರ್ ಮೇಲೆ ಒಂದು ಟವೆಲ್ ಹೊದಿಸಿ ಪಕ್ಕಕ್ಕಿಟ್ಟರು, ಹೆಣದ ಮೇಲೆ ಹೊದಿಸಿದ ಹಾಗೆ. ಆಮೇಲೆ ಚೆಂಡನ್ನೂ ಮುಟ್ಟಲಿಲ್ಲ.

ಟಿವಿ ಮಂಕಾಗಿದ್ದಕ್ಕೆ ಅಪ್ಪನಿಗೆ ತಿರುವು ಕಾಣುತ್ತಿಲ್ಲ, ಒಳ್ಳೆಯ ಟಿವಿ ತಂದರೆ ಮತ್ತೆ ಆಡುತ್ತಾರೆ. ಇದು ಅವಳು ಹಿಡಿದುಕೊಂಡಿದ್ದ ಒಂದೇ ಹುಲ್ಲುಕಡ್ಡಿ.

"ತಂದ್ಯೇನೇ ಟಿವಿ?" ಅಮ್ಮ ಕೇಳಿದಳು.

"ಇಲ್ಲ. ಮುಂದಿನ ವಾರ."

"ಬೇಡ ಬಿಡು ಪುಟ್ಟಿ" ಎಂದರು ಅಪ್ಪ, ಗೋಡೆಗೆ. "ಕನ್ನಡಿ ಬದಲಾಯಿಸಿದ್ರೆ ಮುಖ ಬದಲಾಗುತ್ತಾ?"

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅತ್ತದ್ದು ಅಪ್ಪನಿಗಾಗಿಯೋ, ರಿಮೋಟ್ ಹಿಡಿದವನಿಗಾಗಿಯೋ, ಅವಳಿಗೇ ಗೊತ್ತಾಗಲಿಲ್ಲ.

---

ಮೂಲೆಯ ಟಿವಿ ಬಂದಿದೆ ಎಂದು ಮ್ಯಾನೇಜರ್ ಫೋನ್ ಮಾಡಿದರು. ಲ್ಯಾಬಿನಿಂದ ನೇರ ಹೋದಳು. ಅಂಗಡಿಯಲ್ಲಿ ಅವನಿದ್ದ.

"ಬಂದ್ರಾ? ಇದನ್ನ ಹೇಗೆ ಸೆಟ್ ಮಾಡ್ಕೋಬೇಕು ಅಂತ ಹೇಳೋಣ ಅಂತ..."

"ಗಿಳಿ ಚೆನ್ನಾಗಿದೆಯಾ?"

ಅವನ ಮುಖದ ಬಣ್ಣ ಇಳಿಯಿತು. ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ಹೆಸರಿಟ್ಟು ಹೇಳಬಲ್ಲವಳಾಗಿದ್ದಳು ಅವಳು.

"ನೋಡಿದ್ರಾ..."

"ಬಸ್ ಸ್ಟಾಪ್ ಎದುರಿಗೇ ಇದೆ. ಮುಂದಿನ ಸಲ ಕದಿಯೋವಾಗ ಹಿಂಬಾಗಿಲು ಬಳಸಿ."

"ಕದೀಲಿಲ್ಲ. ತಗೊಂಡೆ. ಅದನ್ನೇ ತಗೊಳ್ಳೋಕೆ ಬಂದಿದ್ದೆ. ನಿಮ್ಮೆದುರೇ ತಗೊಂಡ್ರೆ ಏನನ್ಕೋತೀರೋ ಅಂತ, ನೀವು ಹೋಗೋ ತನಕ ಆ ಫ್ರಿಜ್‌ಗಳ ಹಿಂದೆ ನಿಂತಿದ್ದೆ."

"ಫ್ರಿಜ್ ಹಿಂದೆ?"

"ಈಗ ಹೇಳಿದ್ರೆ ಇನ್ನೂ ಕೆಟ್ಟದಾಗಿ ಕೇಳುತ್ತೆ, ಗೊತ್ತು." ಅವನು ಕತ್ತು ತುರಿಸಿಕೊಂಡ. "ನಮ್ಮ ಆಫೀಸು ಈ ಬಿಲ್ಡಿಂಗಿನ ಕೆಳಗಡೇನೇ, ಹೊರಗಿಂದ ದಾರಿ. ಎರಡು ನಿಮಿಷ ಬಂದು ನೋಡಿ. ಆಮೇಲೆ ಬೇಕಾದ್ರೆ ಬೈಯಿರಿ. ಮ್ಯಾನೇಜರ್ ಸಾರ್ ಬೇಕಾದ್ರೆ ಜೊತೆಗೆ ಬರ್ಲಿ."

"ನನ್ನನ್ನ ಬಿಟ್ಬಿಡಿ" ಎಂದರು ಮ್ಯಾನೇಜರ್. "ಅಲ್ಲಿಗೆ ಹೋದ್ರೆ ನನಗೆ ಗೇಮ್ ಆಡಿಸಿ ಸೋಲಿಸ್ತಾರೆ. ಹೋಗಮ್ಮ, ಮನುಷ್ಯ ಒಳ್ಳೆಯವನೇ. ರಿಮೋಟ್ ಚಟ ಒಂದು ಬಿಟ್ರೆ."

ನೆಲಮಾಳಿಗೆಯಲ್ಲಿ ಒಂದು ಸಣ್ಣ ಗೇಮ್ ಕಂಪನಿ. ಮೇಜುಗಳ ಮೇಲೆ ತಣ್ಣಗಾದ ಚಹಾ ಲೋಟಗಳು, ಕೊನೆಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಒಂದೇ ಕುರ್ಚಿ. ಅದರ ನೇರಕ್ಕೆ ಅವಳ ಗಿಳಿ ಟಿವಿ.

"ನನ್ನ ಕೆಲಸ ಗೇಮ್ ಪರೀಕ್ಷೆ ಮಾಡೋದು. ದಿನವಿಡೀ ಗೋಡೆಗೆ ಹೋಗಿ ಗುದ್ದೋದು, ಹಳ್ಳಕ್ಕೆ ಬೀಳೋದು, ಎಲ್ಲಿ ತಪ್ಪಿದೆ ಅಂತ ಹೇಳೋದು. ಜನರ ಮನೇಲಿರೋ ಅಂಥ ಟಿವೀಲೇ ಪರೀಕ್ಷೆ ಮಾಡ್ಬೇಕಲ್ಲ? ಕೂತ್ಕೊಳ್ಳಿ."

ಅವನು ಬಾಗಿಲು ಮುಚ್ಚಿದ. ಪರದೆಯ ಮೇಲೆ ಒಂದು ಗುಹೆ ತೆರೆದುಕೊಂಡಿತು. ಕತ್ತಲೆಯೊಳಗೆ ಕತ್ತಲೆ, ಅದರೊಳಗೆ ತೇವದ ಕಲ್ಲು, ಕಲ್ಲಿನ ಅಂಚಿನಲ್ಲಿ ದೀಪದ ಕೂದಲೆಳೆಯಷ್ಟು ಹೊಳಪು. ಅವಳು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

ಆಮೇಲೆ ಬಾಗಿಲು ಪೂರ್ತಿ ತೆರೆದು ಹೊರಗಿನ ದೀಪಗಳನ್ನೆಲ್ಲ ಹಾಕಿದ. ಗುಹೆ ಮಾಯವಾಯಿತು. ಗಾಜಿನಲ್ಲಿ ಅವಳದೇ ಮುಖ, ಅದರ ಹಿಂದೆ ಬೂದುಬಣ್ಣ.

"ಇದು ನಿಮ್ಮ ಹಾಲ್" ಎಂದ. "ಅವತ್ತೇ ಬಾಯಿ ಬಿಟ್ಟು ಹೇಳ್ಬೇಕಿತ್ತು. ಟಿವಿ ವಿಷಯ ಆದ್ರೆ ಗಂಟೆಗಟ್ಟಲೆ ಮಾತಾಡ್ತೀನಿ. ಬೇರೆ ವಿಷಯ ಬಂದ್ರೆ ಫ್ರಿಜ್ ಹಿಂದೆ ಹೋಗ್ತೀನಿ."

ಅವಳಿಗೆ ನಗು ಬಂತು, ತಡೆಯಲಾಗಲಿಲ್ಲ. ನಕ್ಕ ಮೇಲೆ, ಹೇಳಬಾರದೆಂದುಕೊಂಡಿದ್ದನ್ನೆಲ್ಲ ಹೇಳಿದಳು. ಅಪ್ಪ, ಬಸ್ಸು, ಎಡಗೈ, ಟವೆಲ್. ಪ್ರತಿ ಸಲವೂ ಕಾರು ಬೀಳುವ ಮೊದಲ ತಿರುವು.

ಅವನು ಕದಲದೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ. "ಯಾವಾಗ್ಲೂ ಅಲ್ಲೇ ಬೀಳುತ್ತಾ? ಒಂದೊಂದ್ಸಲ ಮುಂದೆ, ಒಂದೊಂದ್ಸಲ ಹಿಂದೆ... ಹಾಗೆ ಇಲ್ವಾ?"

"ಇಲ್ಲ. ಒಂದೇ ಜಾಗ. ಒಂದೇ ತರ ತಡ."

"ಕೈ ತಪ್ಪಿದ್ರೆ ಒಂದೊಂದ್ಸಲ ಒಂದೊಂದು ತರ ತಪ್ಪುತ್ತೆ. ಯಾವಾಗ್ಲೂ ಒಂದೇ ಅಳತೆ ತಪ್ಪಿದ್ರೆ, ನಮ್ಮ ಕೆಲಸದಲ್ಲಿ ಮೊದಲು ಯಂತ್ರ ನೋಡ್ತೀವಿ." ಅವನು ಎದ್ದು ನಿಂತ. "ಕೆಲವು ಹಳೇ ಟಿವಿಗಳು ಚಿತ್ರ ಚೆಂದ ಮಾಡ್ಕೊಂಡು ಆಮೇಲೆ ತೋರಿಸ್ತವೆ. ಧಾರಾವಾಹಿಗಾದ್ರೆ ಗೊತ್ತೇ ಆಗಲ್ಲ. ಗೇಮ್‌ನಲ್ಲಿ, ನೀವು ತಿರುಗಿಸಿದ್ದು ತಿರುವು ಮುಗಿದ್ಮೇಲೆ ಕಾಣುತ್ತೆ."

ಹಾಗಾದರೆ ಇಷ್ಟು ದಿನ...

"ನಿಜವಾಗ್ಲೂ?"

"ಗೊತ್ತಿಲ್ಲ. ನೋಡದೆ ಹೇಳಲ್ಲ."

"ಅಪ್ಪನಿಗೆ ಸುಳ್ಳು ಆಸೆ ಕೊಡ್ಬೇಡಿ. ಇನ್ನೊಂದ್ಸಲ ಬಿದ್ರೆ ಅವರು ಏಳಲ್ಲ."

"ಆಸೆ ಕೊಡೋಕೆ ಬರಲ್ಲ ನನಗೆ" ಎಂದ ಅವನು ಮೆಲ್ಲಗೆ. "ತಪ್ಪು ಹುಡುಕೋಕೆ ಮಾತ್ರ ಬರುತ್ತೆ."

ಎಷ್ಟು ಹೊಗಳಿಕೆಗಳನ್ನು ಕೇಳಿದ್ದರೂ ಇಷ್ಟು ನೆಮ್ಮದಿ ಕೊಟ್ಟ ಮಾತನ್ನು ಅವಳು ಯಾರ ಬಾಯಿಂದಲೂ ಕೇಳಿರಲಿಲ್ಲ.

---

ಭಾನುವಾರ ಬೆಳಿಗ್ಗೆ ಹಾಲ್ ತುಂಬ ಬಿಸಿಲು. ಹೊಸ ಟಿವಿಯ ಪೆಟ್ಟಿಗೆ ಗೋಡೆಗೊರಗಿತ್ತು. ಅವನು ಅದನ್ನು ಬಿಚ್ಚಲಿಲ್ಲ. ಹಳೆಯ ಟಿವಿಯನ್ನೇ ಹಚ್ಚಿದ.

"ಇವರು ಯಾರು?" ಅಪ್ಪ ಕೇಳಿದರು.

"ಟಿವಿ ಗೊತ್ತಿರೋರು, ಅಪ್ಪ."

"ಟಿವಿ ಗೊತ್ತಿರೋರು ಹೊಸದನ್ನ ಬಿಟ್ಟು ಹಳೇದರ ಹತ್ರ ಯಾಕೆ ಕೂತಿದಾರೆ?"

"ಒಂದಾಟ ಆಡಿ ನೋಡ್ತೀನಿ ಅಂಕಲ್" ಎಂದು ಅವನು ಟವೆಲ್ ಸರಿಸಿ ಕಂಟ್ರೋಲರ್ ತೆಗೆದುಕೊಂಡ. ಟಿವಿಯ ಸೆಟ್ಟಿಂಗ್ ಒಂದೊಂದೇ ನೋಡಿದ. ಚೆಂದ ಮಾಡುವುದನ್ನು ಬಿಟ್ಟು ಚಿತ್ರವನ್ನು ತಕ್ಷಣ ತೋರಿಸುವ ಗೇಮ್ ಮೋಡ್ ಎಂಬುದು ಅದರಲ್ಲಿ ಇರಲೇ ಇಲ್ಲ. ಆಟ ಶುರುಮಾಡಿದ. ಮೊದಲ ತಿರುವು. ಕಾರು ನೇರ ಕಂದಕಕ್ಕೆ.

ಅಪ್ಪ ಓರೆಗಣ್ಣಿನಿಂದ ನೋಡುತ್ತಿದ್ದರು. ಇನ್ನೊಮ್ಮೆ. ಅಲ್ಲೇ ಬಿತ್ತು.

"ಬೇಕಂತಲೇ ಬೀಳಿಸಿದ್ಯಲ್ಲಪ್ಪ?" ಎಂದರು ಅಪ್ಪ. ದನಿಯಲ್ಲಿ ಸಿಟ್ಟಿತ್ತು. "ಕರುಣೆ ತೋರಿಸೋಕೆ ಬಂದಿದ್ರೆ ಚಹಾ ಕುಡಿದು ಹೊರಡು."

ಅವನು ಅವಳ ಕಡೆ ನೋಡಿದ. ಈ ಕೋಣೆಯಲ್ಲಿ ಅಡಗಲು ಫ್ರಿಜ್ ಕೂಡ ಇರಲಿಲ್ಲ.

ಅವಳು ಹೋಗಿ ಕಂಟ್ರೋಲರ್ ಕಸಿದುಕೊಂಡಳು. ಜೀವನದಲ್ಲಿ ಗೇಮ್ ಆಡಿದವಳಲ್ಲ. ಆದರೆ ಹರಳಿನಷ್ಟು ಪಿಂಗಾಣಿಯ ಮೇಲೆ ಕೂದಲಿನಷ್ಟು ಬಣ್ಣ ಎಳೆಯುವ ಬೆರಳು ಅವಳದು. ತಿರುವು ಬಂತು. ತಿರುಗಿಸಿದಳು. ಹೌದು, ಆಗಲೇ ತಿರುಗಿಸಿದಳು... ಕಾರು ಇನ್ನೂ ನೇರ ಹೋಗುತ್ತಿತ್ತು. ಅದು ತಿರುಗುವಷ್ಟರಲ್ಲಿ ರಸ್ತೆ ಮುಗಿದಿತ್ತು.

"ಅಪ್ಪ" ಎಂದಳು. "ನಾನು ತಿರುಗಿಸ್ದೆ. ಅದು ಆಮೇಲೆ ಕೇಳಿಸ್ಕೊಳ್ತು."

ಅಪ್ಪ ಮಗಳ ಮುಖವನ್ನೇ ನೋಡಿದರು. ಅಡುಗೆಮನೆಯಿಂದ ಅಮ್ಮ ಹೇಳಿದಳು, "ಅವಳಿಗೆ ಸುಳ್ಳು ಹೇಳೋಕೆ ಬರಲ್ಲರೀ. ಹೇಳಿದ್ರೆ ಮೂಗು ಕೆಂಪಾಗುತ್ತೆ. ನೋಡಿ."

ಅಪ್ಪ ನೋಡಿದರು. ಮೂಗು ಕೆಂಪಾಗಿರಲಿಲ್ಲ, ಕಣ್ಣು ಆಗಿತ್ತು.

ಅವನು ಪೆಟ್ಟಿಗೆ ಬಿಚ್ಚಿದ. ಕಿಟಕಿಯ ಬಿಸಿಲು ನೇರ ಪರದೆಗೆ ಬೀಳದಂತೆ ಟಿವಿಯನ್ನು ತುಸು ಓರೆ ಮಾಡಿದ. ಗೇಮ್ ಬಾಕ್ಸ್ ಜೋಡಿಸಿದ, ಗೇಮ್ ಮೋಡ್ ಹಾಕಿದ, ಎಚ್‌ಡಿಆರ್ ಹಾಕಿದ. ಬಣ್ಣ ಹೊಂದಿಸುವ ಹೊತ್ತಿಗೆ ರಿಮೋಟನ್ನು ಅವಳ ಕೈಗಿತ್ತ.

"ಇದು ನಿಮ್ಮ ಕೆಲಸ."

ಅವಳು ಪರದೆಯ ಮೇಲಿನ ಚಾಲಕನ ಮುಖ ನೋಡುತ್ತ ಹಳದಿ ಇಳಿಸಿದಳು, ಬೆಳಕು ಏರಿಸಿದಳು, ಮತ್ತೆ ಒಂದು ಗೆರೆ ಇಳಿಸಿದಳು. ಅವನು ಪಕ್ಕದಲ್ಲಿ ನಿಂತು ಪರದೆಯನ್ನು ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅದು ಅವಳಿಗೆ ತಿಳಿದಿತ್ತು. ತಿಳಿದೂ ತಿರುಗಲಿಲ್ಲ.

ಅಪ್ಪ ಎಡಗೈಯನ್ನು ಬಲಗೈಯಿಂದ ಎತ್ತಿ ಕಂಟ್ರೋಲರ್ ಮೇಲಿಟ್ಟರು.

ಮೊದಲ ತಿರುವು ಬಂತು. ಹೆಬ್ಬೆರಳು ನಡುಗಿತು, ಒತ್ತಿತು. ಕಾರು ಆಗಲೇ ವಾಲಿತು. ಅಂಚಿನ ಕಲ್ಲಿಗೆ ತಾಗಿ, ಕಿರುಗುಟ್ಟಿ, ರಸ್ತೆಯಲ್ಲೇ ಉಳಿಯಿತು.

ಅವಳು ಅಪ್ಪನ ಹೆಬ್ಬೆರಳನ್ನೇ ನೋಡಿದಳು.

ಮುಂದೆ ಸುರಂಗ. ಹಳೆಯ ಟಿವಿಯಲ್ಲಿ, ಆಟ ಶುರುವಾಗುವಾಗ ತೋರಿಸುವ ಚಿತ್ರದಲ್ಲಿ, ಅದು ಬರೀ ಮಸಿಯ ತೂತಾಗಿತ್ತು. ಇಲ್ಲಿ ಒಳಗಿನ ಗೋಡೆ ಕಂಡಿತು, ದಾರಿಯ ಬಿಳಿ ಗೆರೆ ಕಂಡಿತು, ಆಚೆ ತುದಿಯ ಬಿಸಿಲೂ ಕಂಡಿತು. ಅಪ್ಪ ಸುರಂಗ ದಾಟಿದರು. ಹೊರಬಂದ ತಕ್ಷಣ ಹೆಬ್ಬೆರಳು ಸೋತಿತು. ಕಾರು ಹೊಲಕ್ಕೆ ನುಗ್ಗಿ ನಿಂತಿತು.

ಬಿದ್ದುಬಿಟ್ಟಿತು... ಮತ್ತೆ ಗೋಡೆಗೆ ತಿರುಗುತ್ತಾರೆ, ಎಂದುಕೊಂಡಳು ಅವಳು.

ಅಪ್ಪ ತಿರುಗಲಿಲ್ಲ. ಹೊಲದಲ್ಲಿ ನಿಂತ ಕಾರನ್ನು ನೋಡುತ್ತ ಕೂತರು. ಆಮೇಲೆ ಭುಜ ಅಲುಗಿತು. ನಗುತ್ತಿದ್ದರು.

"ಈಗ ತಪ್ಪಿದ್ದು ನಾನು" ಎಂದರು. "ಇದು ನನ್ನ ತಪ್ಪು ಕಣೇ ಪುಟ್ಟಿ. ಕೈ ಬೇಗ ಬಿಟ್ಬಿಟ್ಟೆ. ಇದನ್ನ ತಿದ್ದಬಹುದು."

ಮತ್ತೆ ಶುರು ಮಾಡಿದರು. ಈ ಸಲ ಬೇರೆ ಕಡೆ ಬಿದ್ದರು. ಅದಕ್ಕೂ ನಕ್ಕರು.

"ರೀ, ಆ ಧಾರಾವಾಹಿ ಅತ್ತೆ ಸೆರಗು ಕಪ್ಪೋ ನೇರಳೆಯೋ ನೋಡ್ಬೇಕು, ಸಂಜೆ ಆದ್ರೂ ಬಿಡ್ತೀರಾ?" ಎಂದಳು ಅಮ್ಮ, ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಳ್ಳುತ್ತ.

"ಸಾಲಿನಲ್ಲಿ ನಿಂತ್ಕೋ" ಎಂದರು ಅಪ್ಪ. ಮೂರನೆಯ ಸಲ ಘಾಟಿ ಹತ್ತುತ್ತಿದ್ದರು.

ಅವನು ಚಪ್ಪಲಿ ಮೆಟ್ಟುತ್ತಿದ್ದ. ಅವಳು ಬಾಗಿಲ ತನಕ ಬಂದಳು. ಹೇಳಬೇಕಾದ್ದು ಬಹಳವಿತ್ತು. ಕ್ಷಮೆ, ಕೃತಜ್ಞತೆ... ಯಾವುದೂ ಆ ಕೆಲಸದ ಅಳತೆಗೆ ಹೊಂದುವ ಮಾತಾಗಿರಲಿಲ್ಲ.

"ನಾನು ನಿಮ್ಮನ್ನ ಕಳ್ಳ ಅಂದುಬಿಟ್ಟೆ."

"ನಾನು ಕಳ್ಳನ ತರಾನೇ ನಿಂತಿದ್ದೆ." ಅವನು ಒಂದು ಮೆಟ್ಟಿಲಿಳಿದು ನಿಂತ. ತಿರುಗಿದ. "ಟಿವಿಗೆ ಇನ್ನೇನೂ ಮಾಡೋದು ಉಳಿದಿಲ್ಲ."

"ಹೂಂ."

"ಒಂದು ಸೆಟ್ಟಿಂಗ್ ಬೇಕಂತಲೇ ಬಿಟ್ಟು ಹೋಗೋಣ ಅನ್ಕೊಂಡೆ, ಮತ್ತೆ ಬರ್ಬೋದು ಅಂತ. ಮನಸ್ಸು ಬರ್ಲಿಲ್ಲ. ಎಲ್ಲಾ ಸರಿ ಮಾಡ್ಬಿಟ್ಟೆ." ಮಾತು ಅಲ್ಲಿಗೆ ಒಣಗಿತು. ಆದರೆ ಈ ಸಲ ಅವನು ಎಲ್ಲೂ ಅಡಗಲಿಲ್ಲ. "ಅದಕ್ಕೇ ಕೇಳ್ತಿದೀನಿ. ನನಗೆ ನೀವು ಇಷ್ಟ ಆಗಿದೀರಿ. ನೆಪ ಇಲ್ದೇನೇ ಬರ್ಲಾ?"

ಒಳಗೆ ಅಪ್ಪನ ಕಾರು ಘಾಟಿ ಏರುವ ಸದ್ದು.

"ಬನ್ನಿ" ಎಂದಳು. "ನನಗೂ ನೆಪ ಹುಡುಕಿ ಹುಡುಕಿ ಸಾಕಾಗಿತ್ತು."

"ಬಂದ್ರೆ ಎಲ್ಲಿ ಕೂರ್ಲಿ?"

"ಅಪ್ಪನ ಪಕ್ಕ ಒಂದು ಜಾಗ ಇದೆ. ನನ್ನ ಪಕ್ಕ ಒಂದಿದೆ. ಆರಿಸ್ಕೊಳ್ಳಿ."

ಅವನು ತುಸು ಯೋಚಿಸಿದ, ನಿಜವಾಗಿಯೇ ಯೋಚಿಸಿದ.

"ನಿಮ್ಮ ಪಕ್ಕ" ಎಂದ. "ಇನ್ನೊಂದು ತಿಂಗಳಾದ್ರೆ ನಿಮ್ಮಪ್ಪನ ಹತ್ರ ಗೆಲ್ಲೋಕಾಗಲ್ಲ."